ಕೆಮ್ಮನ್ನೂ ಓದಿದವನ ಮಿಸ್

ಕಳೆದ ವಾರ ಒಂದು ಸರ್ಕಾರಿ ಶಾಲೆಯ ಗೋಡೆಗೆ ಒರಗಿ ನಿಂತೆ. ನೀಲಿ ಪೇಂಟು ಇನ್ನೂ ಒಣಗಿರಲಿಲ್ಲ. ಅಂಗಿಯ ಬೆನ್ನಿಗೆ ಅಂಗೈಯಗಲ ನೀಲಿ ಹತ್ತಿಕೊಂಡಿತು. ಜೊತೆಗೆ ಆ ವಾಸನೆ... ಹಸಿ ಪೇಂಟು, ಅದರ ಕೆಳಗೆ ಫಿನಾಯಿಲು, ಅದರ ಹಿಂದಿನಿಂದ ತುಪ್ಪ ಹಾಕಿದ ಕೇಸರಿಬಾತು. ಸರ್ಕಾರಿ ಶಾಲೆಯಲ್ಲಿ ಈ ಮೂರೂ ಒಟ್ಟಿಗೆ ಮೂಗಿಗೆ ಬಡಿದರೆ ಅವತ್ತು ಮೇಲಿನವರು ಯಾರೋ ಬರುತ್ತಿದ್ದಾರೆ ಎಂದು ಅರ್ಥ. ಈ ಸಲ ಆ ಮೇಲಿನವನು ನಾನೇ ಆಗಿದ್ದೆ. ದೇಶ ಎಲ್ಲಿಗೆ ಬಂತು ನೋಡಿ.

ನನ್ನ ಕೆಲಸ ಇಷ್ಟೇ: ಟ್ಯಾಬ್ಲೆಟ್ ಹಿಡಿದುಕೊಂಡು ದೊಡ್ಡಬಳ್ಳಾಪುರ ತಾಲ್ಲೂಕಿನ ಪ್ರಾಥಮಿಕ ಶಾಲೆಗಳನ್ನು ಸುತ್ತುವುದು, ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಒತ್ತುವುದು. ಶೌಚಾಲಯಕ್ಕೆ ಬಾಗಿಲಿದೆಯೇ? ಬಾಗಿಲಿಗೆ ಚಿಲಕವಿದೆಯೇ? ಗೋಡೆಗೆ ಬಣ್ಣವಿದೆಯೇ? ಮಕ್ಕಳು ಓದುತ್ತಾರೆಯೇ? ಕೊನೆಗೆ ಟ್ಯಾಬ್ಲೆಟ್ಟೇ ಕೂಡಿ ಕಳೆದು ಶಾಲೆಗೊಂದು ಗ್ರೇಡು ಕೊಡುತ್ತದೆ. ಇದು ಆರು ತಿಂಗಳ ಗುತ್ತಿಗೆ. ಅದಕ್ಕೂ ಮುಂಚೆ ನಾನು ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ, ಮದುವೆ ರಿಸೆಪ್ಷನ್‌ಗಳಲ್ಲಿ ಮಿಮಿಕ್ರಿ ಮಾಡುತ್ತಿದ್ದೆ. ಈಗಲೂ ಯಾವುದಾದರೂ ಮುಖ್ಯ ಶಿಕ್ಷಕರು ನನ್ನನ್ನು "ಸಾರ್" ಎಂದು ಕರೆದರೆ ಹಿಂದೆ ಯಾರು ಬಂದರು ಅಂತ ತಿರುಗಿ ನೋಡುತ್ತೇನೆ.

ಆ ವಾಸನೆಗೆ ನಮ್ಮ ಮಿಸ್ ನೆನಪಾದರು.

ನಮ್ಮೂರು ಇರುವುದು ಸಾಸಲಿಗೆ ಹೋಗುವ ದಾರಿಯಿಂದ ಎಡಕ್ಕೆ ಒಂದೂವರೆ ಕಿಲೋಮೀಟರು ಒಳಗೆ. ಅಲ್ಲಿದ್ದದ್ದು ಐದನೇ ಕ್ಲಾಸಿನವರೆಗಿನ ಶಾಲೆ. ಎರಡು ಕೋಣೆ, ಒಂದು ಅಡುಗೆಮನೆ, ಒಬ್ಬ ಹೆಡ್‌ಮೇಷ್ಟ್ರು, ಒಬ್ಬ ಮಿಸ್. ನಾನು ಐದನೇ ಕ್ಲಾಸಿಗೆ ಬಂದ ವರ್ಷ ಹಳೆಯ ಮಿಸ್ ಹೋಗಿ ಇವರು ಬಂದರು. ದೊಡ್ಡಬಳ್ಳಾಪುರದಿಂದ ಬಸ್ಸಿನಲ್ಲಿ ಬಂದು, ಮೇನ್ ರೋಡಿನಲ್ಲಿ ಇಳಿದು, ಕೊಡೆ ಹಿಡಿದು ನಡೆದೇ ಬರುತ್ತಿದ್ದರು. ಗಾಳಿ ಇಲ್ಲದ ದಿನವೂ ಗಾಳಿಗೆ ಎದುರಾಗಿ ಹೋಗುವವರ ಹಾಗೆ ಮುಂದಕ್ಕೆ ಬಾಗಿದ ನಡಿಗೆ. ಅವರು ಬಂದ ಎರಡನೇ ದಿನವೇ ಆ ನಡಿಗೆಯನ್ನು ನಾನು ಅರಳೀಕಟ್ಟೆಯ ಮೇಲೆ ಇಡೀ ಊರಿಗೆ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದೆ.

ನನಗೆ ಇದ್ದದ್ದು ಅದೊಂದೇ ವಿದ್ಯೆ. ಕಿವಿಗೆ ಬಿದ್ದದ್ದನ್ನು ಹಾಗೇ ವಾಪಸ್ ಕೊಡುವುದು. ಹಾಲಿನ ಡೈರಿಯ ಸೆಕ್ರೆಟರಿ, ಬಸ್ ಕಂಡಕ್ಟರ್, ನಮ್ಮಜ್ಜಿಯ ಗೊರಕೆ, ಎಲ್ಲವೂ ನನ್ನ ಗಂಟಲಲ್ಲಿದ್ದವು. ಪಾಠವೂ ಅಷ್ಟೇ. ಮಿಸ್ ಎರಡು ಸಲ ಗಟ್ಟಿಯಾಗಿ ಓದಿದರೆ ಸಾಕು, ಎಲ್ಲಿ ನಿಲ್ಲಿಸಿದರು, ಎಲ್ಲಿ ದನಿ ಏರಿಸಿದರು, ಎಲ್ಲಿ ಪುಟ ತಿರುವಿದರು ಎಂಬುದೂ ಸೇರಿ ಎಲ್ಲ ನನ್ನಲ್ಲಿ ಅಚ್ಚಾಗುತ್ತಿತ್ತು. ಆಮೇಲೆ ಪುಸ್ತಕ ಹಿಡಿದು, ಸಾಲಿನ ಮೇಲೆ ಬೆರಳಾಡಿಸುತ್ತಾ ನಾನು "ಓದುತ್ತಿದ್ದೆ". ಬೆರಳು ಒಂದು ಕಡೆ, ಬಾಯಿ ಇನ್ನೊಂದು ಕಡೆ. ಅಕ್ಷರ ಮಾತ್ರ ಒಂದೂ ಬರುತ್ತಿರಲಿಲ್ಲ. ಅ, ಆ ಬರುತ್ತಿತ್ತು, ಸುಳ್ಳು ಯಾಕೆ. ಒತ್ತಕ್ಷರ ಕಂಡರೆ ಇರುವೆ ಸಾಲು ಕಂಡ ಹಾಗಾಗುತ್ತಿತ್ತು.

ಇಡೀ ಶಾಲೆಯಲ್ಲಿ ಚೆನ್ನಾಗಿ ಓದುವವನು ಯಾರು ಎಂದು ಕೇಳಿದರೆ ಎಲ್ಲರೂ ನನ್ನ ಕಡೆ ಕೈ ತೋರಿಸುತ್ತಿದ್ದರು. ಅಂಥ ಘನ ಶಾಲೆ ನಮ್ಮದು.

ಹೆಡ್‌ಮೇಷ್ಟ್ರಿಗೆ ಒಂದು ಪದ್ಧತಿಯಿತ್ತು. ಇನ್ಸ್‌ಪೆಕ್ಷನ್ ದಿನ ಓದಲು ಬರುವ ಐದಾರು ಮಕ್ಕಳು ಮುಂದಿನ ಸಾಲು. ಬರದವರು ಅಡುಗೆಮನೆಗೆ, ಅಡುಗೆ ಅಕ್ಕನ ಜೊತೆ ಬಾಗಿಲು ಮುಚ್ಚಿಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುವುದು. ಆ ದಿನದ ಅನ್ನದಲ್ಲಿ ಮಾತ್ರ ಒಂದೂ ಕಲ್ಲು ಸಿಗುತ್ತಿರಲಿಲ್ಲ, ಅಷ್ಟು ಜನ ಆರಿಸುತ್ತಿದ್ದೆವು... ಅಲ್ಲ, ಆರಿಸುತ್ತಿದ್ದರು. ನಾನು ಮುಂದಿನ ಸಾಲಿನವನಲ್ಲವೇ.

ನನ್ನನ್ನು ಹಿಡಿದುಹಾಕಿದ್ದು ಒಂದು ಕೆಮ್ಮು. ಕೆರೆಯ ಪಾಠ ಓದುವಾಗ ಮಿಸ್‌ಗೆ ಸೀಮೆಸುಣ್ಣದ ಧೂಳು ಗಂಟಲಿಗೆ ಹೋಗಿ, ಎರಡನೇ ಪುಟದ ನಡುವೆ ಮೂರು ಸಲ ಕೆಮ್ಮಿದ್ದರು. ಮಾರನೇ ವಾರ ನನ್ನನ್ನು ಎಬ್ಬಿಸಿ ಅದೇ ಪಾಠ ಓದಿಸಿದರು. ನಾನು ಸರಾಗವಾಗಿ ಓದಿಕೊಂಡು ಹೋಗಿ, ಅದೇ ಜಾಗದಲ್ಲಿ, ಅದೇ ಮೂರು ಸಲ ಕೆಮ್ಮಿ ಮುಂದುವರಿದೆ. ಮಿಸ್ ಹತ್ತಿರ ಬಂದು ಪುಸ್ತಕದೊಳಗೆ ಬಗ್ಗಿ ನೋಡಿದರು.

"ಕೆಮ್ಮು ಎಲ್ಲಿ ಬರ್ದವ್ರೆ ತೋರ್ಸೋ."

ನಾನು ಒಂದು ಚಿತ್ರ ತೋರಿಸಿದೆ. ಕ್ಲಾಸು ಬಿದ್ದೂ ಬಿದ್ದೂ ನಕ್ಕಿತು. ಮಿಸ್ ಕೂಡ ನಕ್ಕರು, ಆದರೆ ಬೇಗ ನಿಲ್ಲಿಸಿದರು. ಅವತ್ತು ಸಂಜೆ ಅವರು ಹೆಡ್‌ಮೇಷ್ಟ್ರ ಹತ್ತಿರ ಹೇಳಿದ್ದು, ಅವರು ಉತ್ತರ ಕೊಟ್ಟದ್ದು, ಕಿಟಕಿಯ ಹೊರಗೆ ನಿಂತಿದ್ದ ನಮಗೆಲ್ಲ ಕೇಳಿಸಿತು.

"ನಂಗ್ ಗೊತ್ತಿಲ್ವಾ ಮೇಡಂ? ಎರಡು ವರ್ಷದಿಂದ ಈ ಸ್ಕೂಲಿನ ಮಾನ ಕಾಪಾಡ್ತಿರೋನು ಅವ್ನೇ. ಸುಮ್ನೆ ಇರಿ."

ಗೊತ್ತಿತ್ತಂತೆ. ನನಗೆ ಆಗ ಹೆಮ್ಮೆಯಾಗಿತ್ತು. ಈಗ ನೆನೆಸಿಕೊಂಡರೆ ಆ ಮನುಷ್ಯನ ದನಿ ತೆಗೆಯಲೂ ಬಾಯಿಗೆ ಅಸಹ್ಯವಾಗುತ್ತದೆ.

ಆಮೇಲೆ ಪೇಂಟು ಬಂತು, ಫಿನಾಯಿಲು ಬಂತು, ಕೇಸರಿಬಾತು ಬಂತು, ಜೀಪಿನಲ್ಲಿ ಮೂವರು ಬಂದರು. ಮೊದಲು ತಿಂದರು. ಆಮೇಲೆ ಗೋಡೆ ಮುಟ್ಟಿ ನೋಡಿದರು. ಕೊನೆಗೆ, ಬಂದ ತಪ್ಪಿಗೆ ಎನ್ನುವ ಹಾಗೆ, ಒಬ್ಬ ಹುಡುಗನನ್ನು ಓದಿಸಿ ಎಂದರು. ನಾನು ಎದ್ದೆ. ಕೆಮ್ಮು ಬಿಟ್ಟು ಉಳಿದೆಲ್ಲ ಓದಿದೆ. ದಪ್ಪಗಿದ್ದ ಸಾಹೇಬರು "ಭೇಷ್! ಭೇಷ್!" ಎಂದು ಪೆನ್ನಿನ ಮುಚ್ಚಳ ತೆಗೆದರು. ಹೆಡ್‌ಮೇಷ್ಟ್ರು ಕಣ್ಣು ಮುಚ್ಚಿ ಕೈ ಮುಗಿದರು.

ಅಷ್ಟರಲ್ಲಿ ಮಿಸ್ ಎದ್ದು ನಿಂತರು. "ಸರ್, ಇವ್ನಿಗೆ ಓದಕ್ಕೆ ಬರಲ್ಲ. ಬೇರೆ ಏನಾದ್ರೂ ಕೊಟ್ಟು ನೋಡಿ."

ಸಾಹೇಬರು ಕಿಟಕಿಯಾಚೆಯ ಕಾಂಪೌಂಡ್ ಗೋಡೆಗೆ ಬೆರಳು ತೋರಿಸಿದರು. ಹಿಂದಿನ ದಿನವಷ್ಟೇ ಕೆಂಪಕ್ಷರದಲ್ಲಿ ಏನೋ ಬರೆಸಿದ್ದರು. ನಾನು ಅದನ್ನೇ ನೋಡಿದೆ. ಅದೂ ನನ್ನನ್ನೇ ನೋಡಿತು. ಶಾಲೆಯ ಗೋಡೆಯೆಂದ ಮೇಲೆ ಇನ್ನೇನಿರುತ್ತದೆ ಎಂದು ಧೈರ್ಯ ಮಾಡಿ "ದಿನಾಲೂ ಹಲ್ಲುಜ್ಜಬೇಕು" ಎಂದೆ. ಅಲ್ಲಿದ್ದದ್ದು ನೀರು ಪೋಲು ಮಾಡಬೇಡಿ ಎಂದು. ಸಾಹೇಬರು ಗೋಡೆ ನೋಡಿದರು, ನನ್ನನ್ನು ನೋಡಿದರು. ಆ ನೋಟ ತಡೆಯಲಾರದೆ, ನನಗೆ ಗೊತ್ತಿದ್ದ ಒಂದೇ ದಾರಿ ಹಿಡಿದೆ. ಹೊಟ್ಟೆ ಮುಂದಕ್ಕೆ ತಳ್ಳಿ, ಸಾಹೇಬರದೇ ದನಿಯಲ್ಲಿ, "ಭೇಷ್! ಭೇಷ್!" ಎಂದೆ.

ಸಾಹೇಬರು ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡರು.

ಶಾಲೆಗೆ ತೀರಾ ಕೆಳಗಿನ ಗ್ರೇಡು ಬಂತು. ಊರಿಗೆ ಊರೇ ಮಿಸ್ ಮೇಲೆ ತಿರುಗಿತು. ಎರಡು ವರ್ಷ ಮೋಸ ಮಾಡಿದ ಹೆಡ್‌ಮೇಷ್ಟ್ರನ್ನು ಕೇಳುವವರಿಲ್ಲ, ಕೇಸರಿಬಾತು ತಿಂದು ಹೋದವರನ್ನು ಕೇಳುವವರಿಲ್ಲ. ಮನೆ ಮಾತು ಹೊರಗೆ ಹೇಳಿದ ಹೆಂಗಸು ಅಂತ ಅವರೊಬ್ಬರೇ ಸಿಕ್ಕರು. ಬಟ್ಟೆ ಫ್ಯಾಕ್ಟರಿಗೆ ಹೋಗುತ್ತಿದ್ದ ನಮ್ಮಮ್ಮ ಅರ್ಧ ದಿನ ರಜಾ ಹಾಕಿ ಜಗಳಕ್ಕೆ ಬಂದಳು.

"ಏನ್ ಟೀಚ್ರಮ್ಮ, ನನ್ ಮಗನ್ ಮರ್ವಾದೆ ಜೀಪ್ನೋರ್ ಮುಂದೆ ತೆಗುದ್ಬುಟ್ರಲ್ಲ! ನಿಮ್ಗೇನ್ ಕಡ್ದಿತ್ತು?"

"ಕೂತ್ಕೊಳಮ್ಮ. ಇವ್ನು ಮುಂದಿನ್ ವರ್ಷ ದೊಡ್ಡ ಸ್ಕೂಲಿಗೆ ಹೋಗ್ತಾನೆ. ಒಂದೊಂದು ಕ್ಲಾಸಲ್ಲಿ ಅರವತ್ತು ಮಕ್ಳು. ಅಲ್ಲೂ ಹಿಂಗೇ ಹಾಡ್ಕೊಂಡು ಹತ್ತನೇ ಕ್ಲಾಸ್ ತನಕ ಹೋಗ್ಬಿಡ್ತಾನೆ, ಅಷ್ಟು ಚಾಲಾಕು. ಆಮೇಲೆ ಜೀವಮಾನ ಪೂರ್ತಿ ಬಸ್ಸಿನ ಬೋರ್ಡು ಇನ್ನೊಬ್ಬರ ಹತ್ರ ಕೇಳ್ಬೇಕು. ನನ್ ಕೈಯಲ್ಲಿ ಇರೋದು ಈ ಒಂದು ವರ್ಷ."

ಅಮ್ಮ ಕೂತಳು. ಅಮ್ಮ ಬಸ್ಸಿನ ಬೋರ್ಡು ಇನ್ನೊಬ್ಬರ ಹತ್ತಿರ ಕೇಳುವವಳೇ. ಹೋಗುವಾಗ ನನ್ನ ತಲೆಗೆ ಒಂದು ಮೊಟಕಿ ಹೋದಳು, ಬಂದ ಖರ್ಚಿಗೆ.

ಮಿಸ್ ಮಾರನೇ ದಿನದಿಂದ ನನ್ನೆದುರು ಪಾಠವನ್ನು ಗಟ್ಟಿಯಾಗಿ ಓದುವುದನ್ನೇ ನಿಲ್ಲಿಸಿದರು. ಬೇರೆ ಮಕ್ಕಳಿಗೆ ಓದುವಾಗ ನನ್ನನ್ನು ಆಚೆ ಬೇವಿನ ಮರದ ಕೆಳಗೆ ಕೂರಿಸುತ್ತಿದ್ದರು. ಊಟ ಆದ ಮೇಲೆ ಬಂದು ನನ್ನ ಪಕ್ಕ ನೆಲದ ಮೇಲೆ ಕೂರುತ್ತಿದ್ದರು. ಓದಿಸಲು ಅವರು ತರುತ್ತಿದ್ದದ್ದು ಹಳೆಯ ಲಗ್ನಪತ್ರಿಕೆಗಳನ್ನು. ಯಾರದೋ ಮದುವೆ, ಯಾರೂ ನನಗೆ ಓದಿ ಹೇಳಿರಲು ಸಾಧ್ಯವಿಲ್ಲದ್ದು. ನಾನು ಅದಕ್ಕೂ ಉಪಾಯ ಕಂಡುಕೊಂಡೆ. ಮೇಲಿನ ನಾಲ್ಕು ಸಾಲು ಎಲ್ಲ ಪತ್ರಿಕೆಯಲ್ಲೂ ಒಂದೇ ತಾನೆ. ಪುರೋಹಿತರ ದನಿಯಲ್ಲಿ ಮಂತ್ರದ ಹಾಗೆ ಬಿಡುತ್ತಿದ್ದೆ. ಮಿಸ್ ಮಾರನೇ ದಿನ ಪತ್ರಿಕೆಯ ಮೇಲ್ಭಾಗ ಮಡಚಿಕೊಂಡು ಬಂದರು. ಉಳಿದದ್ದು ಕೆಳಗಿನ ನೆಂಟರ ಪಟ್ಟಿ. ದೊಡ್ಡಪ್ಪಂದಿರು, ಸೋದರಮಾವಂದಿರು, ಅವರವರ ಊರು. ಅಲ್ಲಿ ಯಾವ ರಾಗವೂ ನಡೆಯುವುದಿಲ್ಲ. ಪಿಲ್ಲಗುಂಪೆ ಎಂಬ ಊರನ್ನು ಓದಲು ನನಗೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಪಿ... ಲ... ಗು... ಅಳು ಬಂತು. ಮಿಸ್‌ಗೆ ಬೈದೆ ಕೂಡ.

"ಬೈಯೋ. ಆದ್ರೆ ಅದನ್ನ ಬರ್ದು ತೋರ್ಸು," ಎಂದರು.

ನಾಲ್ಕು ತಿಂಗಳು ಹೀಗೆ ನಡೆಯಿತು. ಯಾರ ಮದುವೆಗೂ ಹೋಗದೆ ಅರ್ಧ ಜಿಲ್ಲೆಯ ನೆಂಟರನ್ನು ನಾನು ಬಲ್ಲೆ. ಒಂದು ದಿನ ಬೂದಿಗೆರೆಯ ಯಾವುದೋ ಮದುವೆಯ ಪಟ್ಟಿಯನ್ನು ಕೆಳಗಿನಿಂದ ಮೇಲಿನವರೆಗೆ ತಡೆಯದೆ ಓದಿ ಮುಗಿಸಿದಾಗ ನನ್ನ ಬಾಯಿಂದ ಬಂದದ್ದು ಯಾರ ದನಿ ಎಂದು ನನಗೇ ಗೊತ್ತಾಗಲಿಲ್ಲ. ಒರಟಾಗಿ, ಮುಗ್ಗರಿಸಿಕೊಂಡು ಬರುತ್ತಿತ್ತು. ಮಿಸ್ ಪತ್ರಿಕೆ ಮಡಚಿ ಚೀಲಕ್ಕೆ ಹಾಕಿಕೊಂಡು, "ಇದು ನಿಂದು," ಎಂದರು. ಅದಾದ ಹದಿನೈದು ದಿನಕ್ಕೆ ಅವರನ್ನು ಬೇರೆ ಶಾಲೆಗೆ ಹಾಕಿದರು. ಹೆಡ್‌ಮೇಷ್ಟ್ರು ಬಹಳ ಓಡಾಡಿದ್ದರಂತೆ, ಅವರನ್ನು ಕಳಿಸಲು. ಆ ಮನುಷ್ಯ ಅಷ್ಟು ಓಡಾಡಿದ್ದನ್ನು ಊರು ಅದೇ ಮೊದಲ ಸಲ ನೋಡಿದ್ದು.

ಆಮೇಲೆ ಊರವರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಪ್ರೈವೇಟ್ ಸ್ಕೂಲಿನ ಹಳದಿ ವ್ಯಾನು ಹತ್ತಿಸಿದರು. ಅಲ್ಲಿ ಟೈ ಇತ್ತು, ಶೂ ಇತ್ತು. ಮಕ್ಕಳು ಸಂಜೆ ಬಂದು ಅರ್ಥವಾಗದ ಇಂಗ್ಲಿಷನ್ನು ಗಿಣಿಗಳ ಹಾಗೆ ಒಪ್ಪಿಸಿದರೆ ಅಪ್ಪಂದಿರು ಮೀಸೆ ಸವರುತ್ತಿದ್ದರು. ನನ್ನ ವಿದ್ಯೆಗೆ ಕೊನೆಗೂ ಫೀಸು ಕಟ್ಟುವವರು ಸಿಕ್ಕಿದ್ದರು. ನಮ್ಮ ಶಾಲೆಗೆ ಬೀಗ ಬಿತ್ತು. "ಆ ಯಮ್ಮ ಬಾಯ್ ಬಿಟ್ಟಿದ್ದಕ್ಕೇ ಸ್ಕೂಲು ಮುಚ್ತು" ಎಂದು ಟೀ ಅಂಗಡಿಯಲ್ಲಿ ಈಗಲೂ ಹೇಳುತ್ತಾರೆ. ಅದೇ ಅಂಗಡಿಯಲ್ಲಿ ನಾನು ಎಷ್ಟು ಸಲ ಮುಂದಕ್ಕೆ ಬಾಗಿ ನಡೆದು, "ಸರ್, ಇವ್ನಿಗೆ ಓದಕ್ಕೆ ಬರಲ್ಲ" ಎಂದು ಮಿಸ್ ದನಿ ತೆಗೆದಿಲ್ಲ? ಟೀ ಪುಕ್ಕಟೆ ಸಿಗುತ್ತಿತ್ತು. ಬೇರೆಯವರ ಬಗ್ಗೆ ಮೂಗು ಮುರಿಯುವ ಮುಂಚೆ ಇದನ್ನೂ ಹೇಳಿಬಿಡಬೇಕು.

ಈ ಕೆಲಸ ಸಿಕ್ಕಾಗ ಅವರನ್ನು ಹುಡುಕಿಕೊಂಡು ಹೋಗಿ, "ಮಿಸ್, ಈಗ ನಾನೇ ಇನ್ಸ್‌ಪೆಕ್ಷನ್" ಎಂದು ಹೇಳಿ ನಗಿಸಬೇಕೆಂದಿದ್ದೆ. ದೊಡ್ಡಬಳ್ಳಾಪುರದಲ್ಲಿ ಅವರ ಮನೆ ವಿಚಾರಿಸಿದೆ. ಬಾಗಿಲು ತೆರೆದ ಸೊಸೆ "ಅತ್ತೆ ಹೋಗಿ ಎರಡು ವರ್ಷ ಆಯ್ತಲ್ಲ. ನೀವು ಯಾರು?" ಎಂದರು. ಯಾರು ಎಂದು ಹೇಳಲಿ... ಸ್ಟೂಡೆಂಟು ಎಂದೆ. ನೀರು ಕೊಟ್ಟರು. ಕುಡಿದು ಬಂದೆ.

ಕಳೆದ ವಾರದ ಶಾಲೆಯಲ್ಲಿ ನನ್ನೆದುರು ಓದಿದ್ದು ಒಂದು ಹುಡುಗಿ, ನಾಲ್ಕನೇ ಕ್ಲಾಸು. ನೀರು ಹರಿದ ಹಾಗೆ ಓದಿದಳು. ಅವಳ ಕಣ್ಣು ಮಾತ್ರ ಸಾಲಿನ ಮೇಲಿರಲಿಲ್ಲ. ಇಷ್ಟು ದಿನ ಅಂಥ ಕಣ್ಣುಗಳನ್ನು ನೋಡಿಯೂ ಹೌದು ಎಂದು ಒತ್ತಿ ಬಂದಿದ್ದೇನೆ. ಅವತ್ತು ಏನಾಯಿತೋ, ಪುಟ ತಿರುವಿ ಬೇರೆ ಸಾಲಿನ ಮೇಲೆ ಬೆರಳಿಟ್ಟೆ. ಅವಳು ಹಳೆಯ ಪುಟದ ಸಾಲನ್ನೇ ಮತ್ತೆ ಶುರುಮಾಡಿ ಅಲ್ಲಿಗೇ ನಿಲ್ಲಿಸಿದಳು. ಅಲ್ಲಿನ ಮುಖ್ಯ ಶಿಕ್ಷಕರು ಹತ್ತಿರ ಬಂದರು.

"ಮಗು ಹೆದರ್ಕೊಂಡೈತೆ ಸಾರ್. ಹೌದು ಅಂತ ಹಾಕ್ಬಿಡಿ, ಈಗ್ ತಾನೆ ಓದಿದ್ನ ನೀವೇ ಕೇಳಿದ್ರಲ್ಲ. ಬನ್ನಿ, ಕೇಸರಿಬಾತು ಆರೋಗ್ತದೆ."

ನಾನು ಇಲ್ಲ ಎಂದು ಒತ್ತಿದೆ. ಅರ್ಧ ನಿಮಿಷ ಎದೆ ಉಬ್ಬಿತು. ಮಿಸ್ ಮಾಡಿದ್ದನ್ನೇ ನಾನೂ ಮಾಡಿದೆ ಎಂದುಕೊಂಡೆ. ಟ್ಯಾಬ್ಲೆಟ್ ಮುಂದಿನ ಪ್ರಶ್ನೆ ಕೇಳಿತು: ಕೈ ತೊಳೆಯಲು ನಲ್ಲಿ ಇದೆಯೇ?

ಬೈಕ್ ಸ್ಟಾರ್ಟ್ ಮಾಡುವಾಗ ಆ ಹುಡುಗಿ ಗೇಟಿನ ಹತ್ತಿರ ಬಂದಳು. ಪುಸ್ತಕ ಇನ್ನೂ ಕೈಯಲ್ಲಿತ್ತು, ನಾನು ಬೆರಳಿಟ್ಟ ಪುಟವೇ ತೆರೆದಿತ್ತು.

"ಸಾ, ನಾಳಿಕ್ ಬತ್ತೀರಾ? ಇದ್ನ ಹೇಳ್ಕೊಡಕ್ಕೆ?"

ಮಿಸ್ ಅಂದು ನಿಜ ಹೇಳಿ, ಮಾರನೇ ದಿನವೇ ಬಂದು ನನ್ನ ಪಕ್ಕ ನೆಲದ ಮೇಲೆ ಕೂತಿದ್ದರು. ಈ ಹುಡುಗಿಯನ್ನು ಅವರ ಹತ್ತಿರ ಕಳಿಸೋಣವೆಂದರೆ ಅವರೇ ಈಗ ಇಲ್ಲ. ನನಗೆ ಮೂರು ಗಂಟೆಗೆ ಇನ್ನೊಂದು ಶಾಲೆಯಿತ್ತು.

"ಬರಲ್ಲ ಕಣಮ್ಮ," ಎಂದೆ.

ಅವಳು ಪುಸ್ತಕ ಮುಚ್ಚಿದಳು.