ಚೀಲ ಬಿಡಿಸಿ ಹೊಣೆ ಹೊತ್ತ ಗಂಗಾಂಬಿಕೆ

ವಿಮಾನಯಾನದಲ್ಲಿ ಹೆಸರು ಮಾಡಿದವರೆಂದರೆ ನಮ್ಮ ಜನರ ಕಣ್ಣಿಗೆ ಬೀಳುವುದು ವಿಮಾನ ಹಾರಿಸುವವರು ಮಾತ್ರ. ಒಳಗೆ ಕೂತ ನೂರಾರು ಜೀವಗಳನ್ನು ಕಾಯುವವರ ಹೆಸರು ಯಾರ ನಾಲಿಗೆಗೂ ಬರುವುದಿಲ್ಲ. ಊಟದ ತಟ್ಟೆ ಕೊಟ್ಟು ನಗುವುದಷ್ಟೇ ಗಗನಸಖಿಯರ ಕೆಲಸವೆಂದು ತಿಳಿದ ಮಹನೀಯರು ಈಗಲೂ ಬೇಕಾದಷ್ಟಿದ್ದಾರೆ. ಆ ತಿಳಿವಳಿಕೆ ಶುದ್ಧ ತಪ್ಪೆಂಬುದಕ್ಕೆ, ಮೂವತ್ತೈದು ವರ್ಷ ದುಡಿದು ಈ ವರ್ಷ, ಎಂದರೆ ೨೦೦೮ರಲ್ಲಿ, ಹಿರಿಯ ಗಗನಸಖಿಯಾಗಿ ನಿವೃತ್ತರಾಗುತ್ತಿರುವ ಕೊಪ್ಪದ ಶ್ರೀಮತಿ ಗಂಗಾಂಬಿಕೆಯವರ ಬದುಕೇ ಸಾಕ್ಷಿ.

ಅವರ ತಂದೆ ಪರಮಶಿವಯ್ಯನವರು ಕೊಪ್ಪದಲ್ಲಿ ಶಾಲಾ ಮೇಷ್ಟರು. ಮಗಳಿಗೆ ಈ ಕೆಲಸ ಸಿಕ್ಕಿತೆಂದು ತಿಳಿದಾಗ ಊರಿನ ಹಿರಿಯರೊಬ್ಬರು, "ಹೆಣ್ಣುಮಗಳನ್ನ ಆಕಾಶಕ್ಕೆ ಕಳಿಸ್ತೀರಲ್ಲ ಮೇಷ್ಟ್ರೇ" ಎಂದು ಕೊಂಕು ತೆಗೆದರಂತೆ. "ನೆಲದ ಮೇಲೆ ಇದ್ದ ನಾವೆಲ್ಲ ಎಂತ ಕಡಿದು ಕಟ್ಟೆ ಹಾಕಿದೀವಿ ಮಾರಾಯ" ಎಂದರಂತೆ ಮೇಷ್ಟರು. ತಂದೆಯ ಆ ನೇರ ಮಾತು ಮಗಳಿಗೂ ಬಂದಿದೆ. ಅದರ ರುಚಿ ಕಂಡವರು ಅನೇಕರು, ನಾವೂ ಕಂಡಿದ್ದೇವೆ.

ಕೊಲ್ಲಿ ದೇಶಗಳಿಗೆ ಮೊದಲ ಸಲ ದುಡಿಯಲು ಹೊರಟವರಿಗೆ ಅವರು ಮಾಡಿದ ಉಪಕಾರವನ್ನು ಬರೆಯಹೊರಟರೆ ಈ ಅಭಿನಂದನಾ ಸಂಪುಟ ಸಾಲದು. ಸೀಟಿನ ಪಟ್ಟಿ ಹಾಕಿಕೊಳ್ಳಲು ತಿಳಿಯದೆ ತಬ್ಬಿಬ್ಬಾದ ಗಾರೆ ಕೆಲಸದವನೊಬ್ಬನನ್ನು ನೋಡಿ ಕಿಸಕ್ಕನೆ ನಕ್ಕ ಕಿರಿಯ ಸಹೋದ್ಯೋಗಿಯನ್ನು ಹಿಂದಕ್ಕೆ ಕರೆದೊಯ್ದು, "ಹುಟ್ಟುತ್ತಲೇ ಕಲಿತು ಬಂದಿದ್ಯಾ ನೀನು?" ಎಂದು ಅವರು ಕೇಳಿದ್ದನ್ನು ಆ ಸಹೋದ್ಯೋಗಿಯೇ ಈಗ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಆದರೆ ಗಂಗಾಂಬಿಕೆಯವರನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ನಮ್ಮ ಮೂರು ತಾಲ್ಲೂಕುಗಳು ಮನೆಮಗಳೆಂದು ಒಪ್ಪಿಕೊಂಡಿದ್ದು ೨೦೦೪ರ ಬೇಸಿಗೆಯಲ್ಲಿ. ದುಬೈಯಿಂದ ಹೊರಟ, ಅವರು ಕೆಲಸದಲ್ಲಿದ್ದ ವಿಮಾನವೊಂದರಲ್ಲಿ ಶೃಂಗೇರಿ ಬಳಿಯ ಮೆಣಸೆಯ ಯಮುನಮ್ಮ ಇದ್ದರು. ಮಗಳು ಅರ್ಪಿತಾಳ ಬಾಣಂತನ ಮುಗಿಸಿ ಮರಳುತ್ತಿದ್ದ ಹಿರಿಯ ಜೀವ. ಬಿಸಿನೀರು ಕೇಳುವ ನೆಪದಲ್ಲಿ ಮಾತು ಬೆಳೆದು ಅವರಿಗೂ ಗಂಗಾಂಬಿಕೆಯವರಿಗೂ ಊರ ಗುರುತು ಸಿಕ್ಕಿತ್ತು. ಯಮುನಮ್ಮನ ಮಡಿಲಿನಲ್ಲಿ ಒಂದು ಕೈಚೀಲ. ಅದರ ತುಂಬ, ಅಲ್ಲಿ ದುಡಿಯುವ ನಮ್ಮ ಕಡೆಯ ಹುಡುಗರು ತಂತಮ್ಮ ಮನೆಗಳಿಗೆ ಕೊಟ್ಟ ಪೊಟ್ಟಣಗಳು. ಊರಿಗೆ ಹೋಗುವವರ ಕೈಯಲ್ಲಿ ಏನಾದರೂ ಕೊಟ್ಟು ಕಳಿಸದಿದ್ದರೆ ನಮ್ಮವರಿಗೆ ಸಮಾಧಾನವಿಲ್ಲವಲ್ಲ.

ವಿಮಾನ ನೆಲ ಮುಟ್ಟಿದ್ದೇ ಚಕ್ರ ಸಿಡಿದು, ರೆಕ್ಕೆಯ ಅಡಿಯಲ್ಲಿ ಬೆಂಕಿ ಹತ್ತಿತು. ಬಾಗಿಲು ತೆರೆದು, ತುರ್ತಾಗಿ ಇಳಿಯುವ ಜಾರುಬಂಡಿಗಳು ಬಿಚ್ಚಿಕೊಂಡವು. ಎಲ್ಲವನ್ನೂ ಬಿಟ್ಟು ಬನ್ನಿರೆಂದು ಗಂಗಾಂಬಿಕೆಯವರು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಕೂಗುತ್ತಿದ್ದರು. ಬಹಳಷ್ಟು ಜನ ಬಿಟ್ಟರು. ಯಮುನಮ್ಮ ಬಿಡಲಿಲ್ಲ. ಚೀಲವನ್ನು ಎದೆಗವಚಿಕೊಂಡು ನಡುದಾರಿಯಲ್ಲಿ ಗಟ್ಟಿಯಾಗಿ ನಿಂತುಬಿಟ್ಟರು. ಅವರ ಹಿಂದೆ ಹೊಗೆಯಲ್ಲಿ ಕೆಮ್ಮುತ್ತ ಜನ ಸಿಕ್ಕಿಕೊಂಡರು. ಗಂಗಾಂಬಿಕೆಯವರು ಕಿತ್ತುಕೊಳ್ಳಲು ಹೋದರೆ ಯಮುನಮ್ಮನ ಹಿಡಿತ ಇನ್ನೂ ಬಿಗಿಯಾಯಿತು.

"ನಂದಾಗಿದ್ರೆ ಆಗಲೇ ಬಿಸಾಕ್ತಿದ್ದೆ ಮಾರಾಯ್ತಿ. ಇದು ಮಂದಿ ನಂಬಿ ಕೊಟ್ಟಿದ್ದು. ಎಂತ ಮುಖ ಇಟ್ಕೊಂಡು ಊರಿಗೆ ಹೋಗ್ಲಿ?"

ಗಂಗಾಂಬಿಕೆಯವರಿಗೆ ಆಗ ಅರ್ಥವಾಯಿತು: ಈಕೆ ಅಂಜುತ್ತಿರುವುದು ಬೆಂಕಿಗಲ್ಲ, ಊರಿಗೆ. ತರಬೇತಿಯಲ್ಲಿ ಯಾರೂ ಕಲಿಸದ ಮಾತೊಂದನ್ನು ಅವರು ಊರ ಕನ್ನಡದಲ್ಲೇ ಹೇಳಿದರು. "ಕೊಟ್ಟವರ ಮನೆಮನೆಗೆ ನಾನೇ ಬಂದು ಹೇಳ್ತೀನಿ. ಬಿಡಿಸಿದ್ದು ನಾನು, ಉತ್ತರ ಕೊಡೋದೂ ನಾನೇ. ಬಿಡಿ ಯಮುನಮ್ಮ." ಕೈ ಸಡಿಲಾಯಿತು. ಯಮುನಮ್ಮ ಜಾರಿದರು, ಹಿಂದಿದ್ದವರು ಜಾರಿದರು, ವಿಮಾನ ಖಾಲಿಯಾದದ್ದನ್ನು ನೋಡಿಕೊಂಡು ಕೊನೆಗೆ ಗಂಗಾಂಬಿಕೆಯವರೂ ಇಳಿದರು. ಚೀಲ ಬೂದಿಯಾಯಿತು. ಒಂದು ಜೀವಕ್ಕೂ ಅಪಾಯವಾಗಲಿಲ್ಲ.

ಬೇರೆಯವರಾಗಿದ್ದರೆ ಕರ್ತವ್ಯ ಅಲ್ಲಿಗೆ ಮುಗಿಯಿತೆಂದು ಕೈತೊಳೆದುಕೊಳ್ಳುತ್ತಿದ್ದರು. ಇವರು ರಜೆ ಹಾಕಿ ಊರಿಗೆ ಬಂದು, ಹೊರಗೆ ಮುಖ ತೋರಿಸಲಾರದೆ ಮನೆ ಹಿಡಿದು ಕೂತಿದ್ದ ಯಮುನಮ್ಮನನ್ನು ಎಬ್ಬಿಸಿಕೊಂಡು ಹೊರಟರು. ಶೃಂಗೇರಿಯ ಮನೆಗಳವರು ಕಾಫಿ ಕೊಟ್ಟು ಸಮಾಧಾನ ಹೇಳಿದರು. ಕೊಪ್ಪ ತಾಲ್ಲೂಕಿನ ನಾರ್ವೆ ಎಂಬ ಊರಿನ ತಿಮ್ಮಣ್ಣ ಮಾತ್ರ, ತಮ್ಮ ಕಳಿಸಿದ್ದ ವಾಚಿನ ಆಸೆ ಬಿಡಲಾರದೆ, "ಅಷ್ಟು ಸಣ್ಣ ವಸ್ತು, ಕೈಲಿ ಹಿಡ್ಕೊಂಡು ಬರಬಹುದಿತ್ತಪ್ಪ" ಎಂದು ಗೊಣಗಿದರು.

"ಅದನ್ನ ಹುಡುಕಿ ತೆಗೆಯೋತನಕ ಹಿಂದಿದ್ದವರು ಹೊಗೆ ಕುಡೀಬೇಕಿತ್ತಾ ತಿಮ್ಮಣ್ಣ? ಬೈಯೋದಿದ್ರೆ ನನ್ನ ಬೈರಿ. ಇವರನ್ನಲ್ಲ" ಎಂದರು ಗಂಗಾಂಬಿಕೆ.

ಉಳಿದದ್ದು ನರಸಿಂಹರಾಜಪುರದ ಅಖ್ತರ್ ಬಾನು ಅವರ ಮನೆ. ಆ ಮನೆ ನೆನೆದರೇ ಯಮುನಮ್ಮನ ಕಾಲು ಹಿಂದೇಟು ಹಾಕುತ್ತಿತ್ತು. ಅಖ್ತರ್ ಬಾನು ಅವರಿಗೆ ಕಿವಿ ಕೇಳಿಸುವುದು ಅಷ್ಟಕ್ಕಷ್ಟೆ. ಮಗ ಅಜ್ಮತ್ ಹೊಟ್ಟೆಬಟ್ಟೆ ಕಟ್ಟಿ ತಾಯಿಗೆಂದು ಕೊಂಡು ಕೊಟ್ಟಿದ್ದು ಕಿವಿಗೆ ಹಾಕುವ ಯಂತ್ರ. ಅದು ಸುಟ್ಟುಹೋಯಿತೆಂಬ ಮಾತನ್ನೂ ಅವರಿಗೆ ಕೂಗಿಯೇ ಹೇಳಬೇಕು.

ಗಂಗಾಂಬಿಕೆ ಜಗಲಿಯಲ್ಲಿ ನಿಂತು ಕೂಗಿ ಹೇಳಿದರು. ಒಂದು ಸಲಕ್ಕೆ ತಿಳಿಯಲಿಲ್ಲ, ಇನ್ನೊಮ್ಮೆ ಕೂಗಿದರು. ಬೀದಿಯ ಅಂಗಡಿಗಳವರೆಲ್ಲ ಹೊರಗೆ ಬಂದು ನಿಂತರು. ಯಮುನಮ್ಮ ತಲೆ ತಗ್ಗಿಸಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಇಡೀ ಬೀದಿಯೆದುರು ತನ್ನ ಮಾನ ಹೋಯಿತೆಂದೇ ಅವರ ಎಣಿಕೆ. ವಿಮಾನದಲ್ಲಿ ಅಂಜದ ಗಂಗಾಂಬಿಕೆಯವರು ಅಲ್ಲಿ ಅಂಜಿದರಂತೆ. ಇದನ್ನು ಅವರೇ ನಮಗೆ ಹೇಳಿದ್ದಾರೆ.

ಅಖ್ತರ್ ಬಾನು ಯಮುನಮ್ಮನ ಎರಡೂ ಕೈ ಹಿಡಿದು ಕೇಳಿದರು: "ನೀವು ನನ್ನ ಮಗನ್ನ ಕಣ್ಣಾರೆ ನೋಡಿದೀರಲ್ಲ? ಚೀಲ ಬಂದು ನೀವು ಬರದೆ ಇದ್ದಿದ್ರೆ, ಅವನು ಹೇಗಿದಾನೆ ಅಂತ ನಾನು ಚೀಲನ ಕೇಳಬೇಕಿತ್ತಾ? ಬನ್ನಿ ಒಳಗೆ. ಸೊರಗಿದಾನಾ, ಹೇಳಿ."

ಯಮುನಮ್ಮ ಒಳಗೆ ಹೋದರು. ಸಂಜೆಯ ಬಸ್ಸಿನ ಹೊತ್ತಾಗುವವರೆಗೂ ಅಜ್ಮತನ ಸುದ್ದಿಯನ್ನು ಕೂಗಿ ಕೂಗಿ ಹೇಳಿದರು, ಗಂಟಲು ಬಿದ್ದುಹೋಯಿತು. ಮುಂದಿನ ವರ್ಷ ಅವರು ಮತ್ತೆ ದುಬೈಗೆ ಹೋಗಿ ಬರುವಾಗ ಎಲ್ಲರಿಗಿಂತ ಮೊದಲು ಪೊಟ್ಟಣ ತಂದುಕೊಟ್ಟವನು ಅಜ್ಮತನೇ.

ಗಂಗಾಂಬಿಕೆಯವರು ಆಮೇಲೆ ಹೊಸಬರಿಗೆ ತರಬೇತಿ ಕೊಡುವಾಗ ಕಟ್ಟುನಿಟ್ಟಾಗಿ ಹೇಳುತ್ತಿದ್ದರು: "ಚೀಲ ಬಿಡಿ ಅಂತ ಕೂಗೋದು ಅರ್ಧ ಕೆಲಸ. ಬಿಟ್ಟಿದ್ದಕ್ಕೆ ನಾನಿದೀನಿ ಅನ್ನೋದು ಉಳಿದರ್ಧ." ಅವರ ಕೈಯಲ್ಲಿ ಪಳಗಿದ ಹುಡುಗಿಯರು ಇಂದು ಹಲವು ದೇಶಗಳ ಆಕಾಶದಲ್ಲಿದ್ದಾರೆ.

ಇನ್ನು ಅವರು ಕೊಪ್ಪದಲ್ಲೇ ನೆಲೆಸಿ, ಮೊದಲ ಸಲ ವಿಮಾನ ಏರುವವರಿಗೆ ತಿಳಿವಳಿಕೆ ಹೇಳುವ ಕೆಲಸ ಹಿಡಿಯಲಿದ್ದಾರೆ. ಅದಕ್ಕೆ ಬೇಕಾದ ಆಯುಸ್ಸನ್ನೂ ಆರೋಗ್ಯವನ್ನೂ ದೇವರು ಅವರಿಗೆ ಧಾರಾಳವಾಗಿ ಕೊಡಲಿ. ಆ ನೇರ ಮಾತನ್ನು ಮಾತ್ರ ಒಂದು ಚೂರೂ ಕಡಿಮೆ ಮಾಡದಿರಲಿ. ಕೈಬೀಸಿಕೊಂಡು ಬಂದರೂ ಅವರನ್ನು ಒಳಗೆ ಕರೆದು ಕೂರಿಸುವ ಮನೆಗಳು ಈ ಮೂರೂ ತಾಲ್ಲೂಕುಗಳಲ್ಲಿವೆ.