ಅಪ್ಪ-ಅವ್ವನ ಸನ್ಮಾನ ಸಮಾರಂಭ

ಎಂಬತ್ತರ ದಶಕದ ಆರಂಭದಲ್ಲಿ ನಾವು ನಾಗಪುರದಲ್ಲಿದ್ದೆವು. ಗದಗಿನ ಕಡೆಯ ಕ್ರೈಸ್ತರು ನಾವು. ಅಪ್ಪನಿಗೆ ಮದ್ದುಗುಂಡಿನ ಕಾರ್ಖಾನೆಯಲ್ಲಿ ಫಿಟರ್ ಕೆಲಸ, ಊರಂಚಿನ ವಾಡಿಯಲ್ಲಿ ನಿಲ್ಲುವ ಲಾರಿಗಳ ಹಾರ್ನ್ ಕೇಳುವಷ್ಟು ಹತ್ತಿರದಲ್ಲಿ ಕ್ವಾರ್ಟರ್ಸ್. ಹೈಸ್ಕೂಲಿಗೆ ಹೋಗುತ್ತಿದ್ದ ನನಗೆ ಸೊಂಟ ದಾಟಿದ ಜಡೆ. ಏಪ್ರಿಲ್ ಬಿಸಿಲಲ್ಲಿ ಅದನ್ನು ಹೊತ್ತು ತಿರುಗುವುದೆಂದರೆ ಬೆನ್ನಿಗೆ ಕಂಬಳಿ ಕಟ್ಟಿಕೊಂಡ ಹಾಗೆ. ಅದನ್ನು ಕತ್ತರಿಸಿಕೊಳ್ಳಬೇಕು ಎಂಬುದೊಂದೇ ನನ್ನ ಆಸೆಯಾಗಿತ್ತು.

ಕೇಳಿದ್ದೇ ತಡ, ಅಪ್ಪ ಬೈಬಲ್ ತೆಗೆದ. ಹತ್ತು ಆಜ್ಞೆಗಳಲ್ಲಿ ಐದನೆಯದು, ತಂದೆತಾಯಿಗಳನ್ನು ಸನ್ಮಾನಿಸಬೇಕು. ಅಲ್ಲಿಗೆ ಮಾತು ಮುಗಿಯಿತು, ಜಡೆ ಉಳಿಯಿತು.

ನಾನೂ ಸುಮ್ಮನೆ ಕೂರುವವಳಲ್ಲ. ಅಪ್ಪ ಡ್ಯೂಟಿಗೆ ಹೋದ ಮೇಲೆ ಅದೇ ಬೈಬಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಎದುರುಮಾತು ಹುಡುಕತೊಡಗಿದೆ. ಶಾಲೆಯಲ್ಲಿ ಮರಾಠಿ, ಓಣಿಯಲ್ಲಿ ಹಿಂದಿ ಕಲಿತ ನಾನು ಕನ್ನಡದ ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಿದ್ದೆ. ಆದರೂ ಬಿಡಲಿಲ್ಲ. ಕೊನೆಗೆ ಲೂಕನ ಸುವಾರ್ತೆಯಲ್ಲಿ ಸಿಕ್ಕಿತು. ತಂದೆತಾಯಿಗಳನ್ನು ಹಗೆಮಾಡದವನು ತನ್ನ ಶಿಷ್ಯನಾಗಲಾರ ಎಂದು ಯೇಸುಸ್ವಾಮಿಯೇ ಹೇಳಿಬಿಟ್ಟಿದ್ದ. ಓದಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಕನ್ನಡದವರ ಪ್ರಾರ್ಥನೆ ನಡೆಯುತ್ತಿತ್ತು. ನಡೆಸುತ್ತಿದ್ದವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ಒಬ್ಬ ಹಿರಿಯರು. ಎಲ್ಲರೆದುರು ಅವರನ್ನೇ ಕೇಳಿದೆ, ಎರಡರಲ್ಲಿ ಯಾವುದನ್ನು ಪಾಲಿಸಬೇಕು ಎಂದು. ಅಪ್ಪನ ಮುಖ ಕೆಂಪಾಯಿತು. ಹಿರಿಯರು ತಾಳ್ಮೆಯಿಂದ ವಿವರಿಸಿದರು. ಅಲ್ಲಿ ಹಗೆ ಎಂದರೆ ನಾವು ತಿಳಿದ ಹಗೆಯಲ್ಲ, ದೇವರ ಮೇಲಿನ ಪ್ರೀತಿಯ ಮುಂದೆ ಉಳಿದ ಪ್ರೀತಿಯೆಲ್ಲ ಕಡಿಮೆ ಎನ್ನುವುದನ್ನು ಒತ್ತಿ ಹೇಳುವ ರೀತಿ ಅದು, ಯೇಸುಸ್ವಾಮಿಯ ಸೀಮೆಯವರ ಮಾತೇ ಹಾಗೆ.

“ಹಗೆ ಅಂದ್ರ ಹಗೆ ಅಲ್ಲಂದ್ರ, ಸನ್ಮಾನ ಅಂದ್ರೂ ಸನ್ಮಾನ ಅಲ್ಲೇನ್ರೀ?” ಎಂದೆ.

“ಹಂಗಲ್ಲವ್ವಾ, ಸನ್ಮಾನ ಅಂದ್ರ ಸನ್ಮಾನನ,” ಎಂದರು ಅವರು.

ಅಷ್ಟು ಸಾಕಾಯಿತು. ನಾನು ಕಂಡ ಸನ್ಮಾನ ಒಂದೇ, ಕಾರ್ಖಾನೆಯಲ್ಲಿ ನಿವೃತ್ತರಾದವರಿಗೆ ಮಾಡುವುದು. ಕುರ್ಚಿಯ ಮೇಲೆ ಕೂರಿಸಿ, ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟು, ಹೊಗಳಿ, ಚಪ್ಪಾಳೆ ತಟ್ಟಿ ಮನೆಗೆ ಕಳಿಸುತ್ತಿದ್ದರು. ಮರುದಿನದಿಂದ ಅವರ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ತಂದೆತಾಯಿಗಳಿಗೂ ಹಾಗೆಯೇ ಮಾಡಿಬಿಟ್ಟರೆ ಐದನೆಯ ಆಜ್ಞೆಯೂ ನೆರವೇರಿತು, ಜಡೆಯೂ ಹೋಯಿತು.

ಮುಂದಿನ ಭಾನುವಾರ ಪ್ರಾರ್ಥನೆ ಮುಗಿದದ್ದೇ ಎರಡು ಕುರ್ಚಿ ಹಾಕಿ ಅಪ್ಪ-ಅವ್ವನನ್ನು ಕೂರಿಸಿದೆ. ಮನೆಯಲ್ಲಿದ್ದ ಒಂದೇ ಶಾಲು ಅವ್ವನಿಗೆ ಹೋಯಿತು, ಅಪ್ಪನಿಗೆ ಸೊಲ್ಲಾಪುರದ ದಪ್ಪ ಚಾದರ. ಪೂಜೆಯ ಸಾಮಾನು ನಮಗೇಕೆ ಎಂದು ಹಿರಿಯರು ತೆಂಗಿನಕಾಯಿ ನೋಡಿ ಗೊಣಗಿದರು. ಆಮೇಲೆ ಚಟ್ನಿ ಮಾಡುತ್ತೇವೆ ಎಂದು ಸಮಾಧಾನ ಹೇಳಿ, ಇಬ್ಬರ ದೀರ್ಘ ಸೇವೆಯನ್ನು ಮರಾಠಿ ಬೆರೆತ ಕನ್ನಡದಲ್ಲಿ ಕೊಂಡಾಡಿ, ಅವರ ನಿವೃತ್ತಿ ಜೀವನ ಸುಖಕರವಾಗಿರಲಿ ಎಂದು ಹಾರೈಸಿದೆ.

ಚಾದರದೊಳಗೆ ಬೆವರುತ್ತಿದ್ದ ಅಪ್ಪ ಎದ್ದು ನಿಂತ. “ಸನ್ಮಾನ ಮಾಡಿದ್ದು ಚಲೋ ಆತು. ಆದ್ರ ನನಗ ಎಕ್ಸ್‌ಟೆನ್ಷನ್ ಸಿಕ್ಕೈತಿ. ಜಡಿ ಕತ್ತರಸೂದಿಲ್ಲ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಅಳು ಬಂತು. ಅವ್ವ ಮಾತ್ರ ನಗಲಿಲ್ಲ. ಮಡಿಲಲ್ಲಿದ್ದ ಕಾಯಿಯನ್ನು ನೇವರಿಸುತ್ತ, “ನನಗ ಎಕ್ಸ್‌ಟೆನ್ಷನ್ ಬ್ಯಾಡ. ನಾ ರಿಟೈರ್ ಆದೆ,” ಎಂದಳು.

ತಮಾಷೆ ಎಂದುಕೊಂಡೆವು. ಬೆಳಗಾದರೆ ಅವ್ವ ತನಗೊಬ್ಬಳಿಗೇ ಚಹಾ ಮಾಡಿಕೊಂಡು, ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ದಳು. ದಿನಾ ನನಗೆ ಎಣ್ಣೆ ಹಚ್ಚಿ ಜಡೆ ಹೆಣೆಯುತ್ತಿದ್ದವಳು ಅವಳೇ. ನನಗೆ ಹೆಣೆಯಲು ಬರುತ್ತಿರಲಿಲ್ಲ. ಸೇವೆಯಲ್ಲಿ ಉಳಿದವನು ಅಪ್ಪ ಒಬ್ಬನೇ ಆದ್ದರಿಂದ ಬಾಚಣಿಗೆಯನ್ನು ಅವನ ಕೈಗೆ ಕೊಟ್ಟೆ.

ಅಪ್ಪ ಕೂದಲನ್ನು ಎರಡು ಭಾಗ ಮಾಡಿ ತಂತಿಯಂತೆ ಹೊಸೆದ. ಅದು ಬಿಚ್ಚಿಕೊಂಡಿತು. ಗಂಟು ಹಾಕಿದ. ಬಾಚಣಿಗೆ ಒಳಗೇ ಸಿಕ್ಕಿಕೊಂಡಿತು. ನಾನು ನೋವಿಗೆ ಕುಣಿದೆ, ಹೊರಗೆ ಕಾರ್ಖಾನೆಯ ಸೈರನ್ ಕೂಗಿತು. ಅವ್ವ ಚಹಾ ಹೀರುತ್ತ, ಜಡೆಗೆ ಮೂರು ಎಳೆ ಬೇಕು ಎಂದಷ್ಟೇ ಹೇಳಿದಳು.

“ಸಂಜಿಗೆ ಹೋಗಿ ಕತ್ತರಿಸ್ಕೊಂಡು ಬಾ,” ಎಂದು ಅಪ್ಪ ಸೈಕಲ್ ಹತ್ತಿದ.

ಬಜಾಜ್ ನಗರದ ಪಾರ್ಲರಿನಲ್ಲಿ ಕತ್ತರಿಸಿಕೊಂಡು ಬಂದೆ. ಕುತ್ತಿಗೆಗೆ ಗಾಳಿ ತಾಗಿ ಸ್ವರ್ಗವೇ ಸಿಕ್ಕಂತಾಗಿತ್ತು. ಅವ್ವ ನನ್ನ ಪರವಾಗಿ ಹೂಡಿದ ಆಟವೋ ಅದು, ನಿಜವಾಗಿಯೂ ದಣಿದಿದ್ದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ರಾತ್ರಿ ಅವಳೇ ಅಡುಗೆ ಮಾಡಿದಳು, ಕಾಯಿ ಚಟ್ನಿಯೂ ಇತ್ತು.

ಮರುದಿನ ಬೆಳಿಗ್ಗೆ ರೂಢಿಯಂತೆ ಅವಳ ಮುಂದೆ ಹೋಗಿ ಕೂತೆ. ಅವಳೂ ರೂಢಿಯಂತೆ ಅಂಗೈಗೆ ಎಣ್ಣೆ ಸುರಿದುಕೊಂಡು ನನ್ನ ಬೆನ್ನಿನ ಮೇಲೆ ಕೈಯಾಡಿಸಿದಳು. ಕೈ ಜಡೆಯನ್ನು ಹುಡುಕಿತು, ಸಿಗದೆ ಅಲ್ಲೇ ನಿಂತಿತು. ಕತ್ತರಿಸಿಕೊಳ್ಳಬಾರದಿತ್ತು ಎಂದು ಮೊದಲ ಬಾರಿಗೆ ಅನ್ನಿಸಿತು.

“ಈಗ ಖರೇನ ರಿಟೈರ್ ಆದೆ ನೋಡು,” ಎಂದು ಅವ್ವ ಅಂಗೈಯ ಎಣ್ಣೆಯನ್ನೆಲ್ಲ ನನ್ನ ಬೋಳು ಕುತ್ತಿಗೆಗೆ ತಿಕ್ಕಿದಳು.