ಕಾಕಾನ ಕೈ, ಪೈಲ್ವಾನನ ಓಟ

ನಿನ್ನೆ ಹಳೆಯ ಟ್ರಂಕು ಝಾಡಿಸುವಾಗ ನನ್ನದೇ ಅಕ್ಷರದ ಒಂದು ವೇಳಾಪಟ್ಟಿ ಸಿಕ್ಕಿತು. ಶಾಲೆಯದೆಂದು ಓದತೊಡಗಿದೆ: "ಏಳಕ್ಕೆ ಗುಳಿಗೆ. ಎಂಟಕ್ಕೆ ಕೈ ಚಾಲೂ. ಚಹಾ ಚೆಲ್ಲಿತು. ಎಂಟೂವರೆಗೆ ಮತ್ತೆ ಚೆಲ್ಲಿತು." ಒಬ್ಬನೇ ಕೂತು ನಕ್ಕೆ. ನೀವೂ ನಗಿರಿ, ಬೇಡ ಅನ್ನುವವರಾರು!

ಹುನ್ನೂರಿನ ನಮ್ಮ ಕಾಕಾನಿಗೆ ಪಾರ್ಕಿನ್ಸನ್ ಕಾಯಿಲೆ. ಗುಳಿಗೆ ನುಂಗದಿದ್ದರೆ ಮೈ ಕಟ್ಟಿಗೆಯಂತೆ ಬಿಗಿಯುತ್ತಿತ್ತು. ನುಂಗಿದರೆ ತಾಸಿನೊಳಗೆ ಮೈ ಸಡಿಲಾಗಿ, ಬಲಗೈ ತನ್ನಷ್ಟಕ್ಕೆ ತಾನೇ ಕುಣಿಯುತ್ತಿತ್ತು. ಈ ಕುಣಿತ ಕಾಯಿಲೆಯದಲ್ಲ, ಗುಳಿಗೆಯದೇ ಎಂದು ಡಾಕ್ಟರು ಹೇಳಿದ್ದರು. ಕಪ್ಪು ಕೊಟ್ಟರೆ ಅರ್ಧ ಚಹಾ ನನ್ನ ಅಂಗಿಗೆ. "ನಿನಗೂ ಕುಡಿಸಿದೆ ನೋಡಲೇ," ಎಂದು ಕಾಕಾ ನಗುತ್ತಿದ್ದ.

ಆ ನಗು ನಿಂತದ್ದು ನಾಯಿಯ ದೆಸೆಯಿಂದ. ಹೊಟ್ಟೆ ಬೆನ್ನಿಗೆ ಹತ್ತಿದ ಮುಧೋಳ ನಾಯಿಗೆ ಪೈಲ್ವಾನ ಎಂದು ಹೆಸರಿಟ್ಟ ಧೈರ್ಯವಂತ ನಮ್ಮ ಕಾಕಾ. ಕುರಿ ಹಿಂಡಿನ ಹತ್ತಿರ ತೋಳ ಸುಳಿದರೆ ಬಲಗೈ ಬೀಸುತ್ತಿದ್ದ, ಪೈಲ್ವಾನ ಓಡುತ್ತಿತ್ತು. ಅದಕ್ಕೆ ಕಲಿಸಿದ ಪಾಠ ಅದೊಂದೇ. ಈಗಲೂ ಕೈ ಬೀಸುತ್ತಿತ್ತು, ಪೈಲ್ವಾನ ಓಡುತ್ತಿತ್ತು. ತೋಳ ಎಲ್ಲಿದೆ? ಹೊಲದ ತುದಿ ಮುಟ್ಟಿ, ನಾಲಿಗೆ ಚಾಚಿ ಮರಳುವಷ್ಟರಲ್ಲಿ ಕೈ ಮತ್ತೆ ಬೀಸುತ್ತಿತ್ತು!

"ಓಡಿ ಓಡಿ ನಾಯಿ ಸತ್ತ ಹೋಗತೈತಿ. ತಿಮ್ಮಾಪುರದ ನಮ್ಮಣ್ಣಗ ಕೊಟ್ಟ ಬಿಡೂನು," ಎಂದಳು ಕಾಕಿ.

ಕಾಕಾನ ಮುಖ ಇಳಿಯಿತು. "ಅದೂ ಹ್ವಾದ್ರ ನನ್ನ ಸಂಗಾಟ ಯಾರ ಕುಂಡ್ರತಾರ?"

ಕಾಕಿ ಈ ಓಟ ನಿಲ್ಲಿಸಲು ದೀಪಾವಳಿಯ ತನಕ ಎರಡು ತಿಂಗಳ ಗಡುವು ಕೊಟ್ಟು, ನಾಯಿಯನ್ನು ಕಾಕಾನ ಎದುರಿನ ಕಂಬಕ್ಕೆ ಕಟ್ಟಿಹಾಕಿದಳು.

ನಾನು ವಿಜ್ಞಾನದ ಮಾಸ್ತರ, ಸುಮ್ಮನಿರುತ್ತೇನೆಯೇ? ಕಾಕಾನನ್ನು ಡಾಕ್ಟರ ಹತ್ತಿರ ಕರೆದೊಯ್ದೆ. "ಒಂದ ಸಲಕ್ಕ ಕಡಿಮಿ ಕೊಡ್ರಿ, ಹೆಚ್ಚು ಸಲ ಕೊಡ್ರಿ," ಎಂದರು. ವೇಳಾಪಟ್ಟಿ ಹುಟ್ಟಿದ್ದು ಆಗಲೇ. ಗುಳಿಗೆಯನ್ನು ಅಡಿಕೆ ಕತ್ತರಿಸುವ ಅಡಕೊತ್ತಿನಲ್ಲಿ ಅರ್ಧ ಮಾಡುವಾಗ ಒಂದು ಚೂರು ಹಾರಿ ಕೋಳಿಯ ಮುಂದೆ ಬಿತ್ತು. ಅದಕ್ಕಾಗಿ ಕೋಳಿಗೂ ನನಗೂ ಅಂಗಳದ ತುಂಬ ಜಗಳ. ಅಂತೂ ಕುಣಿತ ಅರ್ಧಕ್ಕೆ ಇಳಿಯಿತು. ಪೂರ್ತಿ ನಿಲ್ಲಲಿಲ್ಲ.

ದೀಪಾವಳಿಗೆ ಕಾಕಿಯ ಅಣ್ಣ ಹಗ್ಗ ಹಿಡಿದೇ ಬಂದ. ಕಾಕಿ ನಾಯಿಯನ್ನು ಬಿಚ್ಚಿದಳು. ಅದೇ ಹೊತ್ತಿಗೆ ಕಾಕಾನ ಕೈ ರಪ್ಪನೆ ಬೀಸಿತು. ಮುಗೀತು ಕಥೆ ಎಂದು ನಾನು ಕಣ್ಣು ಮುಚ್ಚಿದೆ. ತೆರೆದಾಗ ಪೈಲ್ವಾನ ಎದ್ದು ನಿಂತಿತ್ತು. ಕಾಕಾನ ಮುಖ ನೋಡಿತು, ಮತ್ತೆ ಕೂತಿತು. ಕೈ ಇನ್ನೊಮ್ಮೆ ಬೀಸಿತು. ನಾಯಿ ಕೂತೇ ಇತ್ತು.

ಕಾಕಾ ಮೆಲ್ಲಗೆ "ಹೋಗ್ಲೇ," ಎಂದ. ನಾಯಿ ಓಡಿ ಹೊಲದ ತುದಿ ಮುಟ್ಟಿ ಬಂತು!

ಕಾಕಿಯ ಅಣ್ಣ ನಂಬದೆ ತಾನೂ ಕೈ ಬೀಸಿದ. ಹತ್ತು ಸಲ ಬೀಸಿದ. ಧೋತರ ಸಡಿಲಾಯಿತೇ ಹೊರತು ನಾಯಿ ಅಲುಗಲಿಲ್ಲ, ಆಕಳಿಸಿತು. "ಒಯ್ಯೂದಿಲ್ಲ ಬಿಡವಾ," ಎಂದು ತಂಗಿಗೆ ಹೇಳಿ ಹಗ್ಗ ಸುತ್ತಿಟ್ಟ. ಕಾಕಾ ನಾಯಿಯ ಕೊರಳಿಗೆ ಬಿದ್ದು ಅತ್ತ.

"ಇದಕ್ಕ ಯಾರ ಕಲಿಸಿದ್ರು, ಕಾಕಾ?" ಎಂದೆ.

"ನೀ ನನ್ನ ಕೈ ನೋಡಿದಿ, ಗಡಿಯಾರ ನೋಡಿದಿ, ಮಾಸ್ತರ," ಎಂದ ಕಾಕಾ. "ಇದು ಎರಡ ತಿಂಗಳ ನನ್ನ ಮಾರಿ ನೋಡಕೋತ ಕುಂತಿತ್ತು."

ಕಾಕಾ ಹೋಗಿ ವರ್ಷಗಳಾದವು. ಈಗ ಕಾಯಿಲೆಯವರ ಮನೆಗೆ ಹೋದರೆ ಎದುರು ಕೂತು ಮೊದಲು ಮುಖ ನೋಡುತ್ತೇನೆ, ಔಷಧದ ಮಾತು ಆಮೇಲೆ. ಕಾಕಾನ ಪಕ್ಕದಲ್ಲೇ ಇದ್ದೂ ಅವನನ್ನು ನೋಡದೆ ಕಳೆದ ಆ ಎರಡು ತಿಂಗಳು ಮಾತ್ರ ತಿರುಗಿ ಬರುವುದಿಲ್ಲ.